ಸಂಪಿನ ಮುಚ್ಚಳ: ಬೀಡೋ, ಫೈಬರೋ, ತಗಡೋ?

ಸಂಪಿನ ಬಾಯಿ ಎಲ್ಲಿದೆ ಅನ್ನೋದನ್ನ ಮೊದಲು ನೋಡಿ. ಕಾರು ನಿಲ್ಲುವ ಜಾಗದಲ್ಲಿದ್ದರೆ ತಗಡಿನ ಮಾತೇ ಬೇಡ. ಬೀಡಿನದು (ಎರಕದ ಕಬ್ಬಿಣದ್ದು), ಇಲ್ಲವೇ ಗಾಡಿಯ ಭಾರಕ್ಕೆಂದೇ ಮಾಡಿದ ದಪ್ಪ ಫೈಬರ್ ಹಾಕಿಸಿ. ಫೈಬರಿನಲ್ಲಿ ಹಗುರದ್ದೂ ಸಿಗುತ್ತದೆ, ನೋಡಲು ಹೆಚ್ಚುಕಮ್ಮಿ ಒಂದೇ ಥರ. ಎಷ್ಟು ಟನ್ ತಡೆಯುತ್ತದೆ ಅಂತ ಕೇಳಿಯೇ ಕೊಳ್ಳಿ.

ರೇಟಿನಲ್ಲಿ ತಗಡು ಅಗ್ಗ. ಆದರೆ ಸಂಪಿನ ತೇವ ಅದನ್ನು ಕೆಳಗಿನಿಂದ ತಿನ್ನುತ್ತದೆ, ತುಕ್ಕಿನ ಪುಡಿ ಕುಡಿಯುವ ನೀರಿಗೇ ಬೀಳುತ್ತದೆ. ಬೀಡಿಗೂ ತುಕ್ಕು ಹತ್ತುತ್ತದೆ, ಆದರೆ ದಪ್ಪ ಇರುವುದರಿಂದ ಬಹಳ ವರ್ಷ ಬಾಳುತ್ತದೆ. ಫೈಬರಿಗೆ ತುಕ್ಕಿಲ್ಲ. ಗುಜರಿ ಬೆಲೆಯೂ ಇಲ್ಲ, ಕಳ್ಳರಿಗೂ ಬೇಡ!

ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ದಿನಾ ನಳ ಬರೋದಿಲ್ಲ. ನೀರು ಎಷ್ಟಿದೆ ಅಂತ ಪದೇ ಪದೇ ತೆರೆದು ನೋಡುವುದು ಇದ್ದದ್ದೇ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಬೀಡು ಎತ್ತುವುದು ಕಷ್ಟ, ಫೈಬರ್ ಅನುಕೂಲ. ಸಣ್ಣ ಮಕ್ಕಳಿದ್ದರೆ ಆ ಹಗುರವೇ ಅಪಾಯ. ಬೀಗ ಹಾಕಲು ಬರುವಂಥದ್ದೇ ಬೇಕು.

ಯಾವುದೇ ಇರಲಿ, ಅಂಚಿನಲ್ಲಿ ಸಂದು ಇರಬಾರದು. ಡೆಂಗಿ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಇಷ್ಟ. ಮೊಟ್ಟೆ ಸೊಳ್ಳೆಯಾಗಲು 7-10 ದಿನ ಸಾಕು. ತಗಡು ಬೇಗ ಸೊಟ್ಟಗಾಗಿ ಸಂದು ಬಿಡುತ್ತದೆ. ಹಿತ್ತಲಲ್ಲಿ, ಯಾರೂ ತುಳಿಯದ ಕಡೆ, ಸದ್ಯಕ್ಕೆ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ತಗಡೂ ನಡೆಯುತ್ತದೆ. ವರ್ಷಕ್ಕೊಮ್ಮೆ ಬಣ್ಣ ಹಚ್ಚಿಸಿ.