ಸ್ಟ್ರಾಬೆರಿಗೆ ಬಟ್ಟೆಯ ಗ್ರೋ ಬ್ಯಾಗ್: ಚೀಲ ಗಟ್ಟಿ, ಹಿಡಿಕೆ ಪೊಳ್ಳು

ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ಬಟ್ಟೆಯ ಗ್ರೋ ಬ್ಯಾಗುಗಳಲ್ಲಿ ಸ್ಟ್ರಾಬೆರಿ ಬೆಳೆಯತೊಡಗಿ ಕೆಲವು ಹಂಗಾಮುಗಳೇ ಕಳೆದಿವೆ. 12 ಇಂಚು ಅಗಲ, 9 ಇಂಚು ಎತ್ತರದ ಚೀಲ. ಉಳಿದ ವಿವರಗಳನ್ನು ಕೊಳ್ಳುವವರು ಹೇಗೂ ಓದಿಯೇ ಇರುತ್ತಾರೆ.

ಮಳೆಯ ಮಟ್ಟಿಗೆ ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಮೊದಲು ಬಳಸುತ್ತಿದ್ದ ಪ್ಲಾಸ್ಟಿಕ್ ಚೀಲಗಳಲ್ಲಿ ತೂತುಗಳು ತಳಕ್ಕಿಂತ ಮೇಲಿದ್ದುದರಿಂದ ಆಷಾಢದಲ್ಲಿ ಅಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತಿತ್ತು. ಬಟ್ಟೆಯ ಚೀಲ ಸುತ್ತಲೂ ಬಸಿಯುತ್ತದೆ. ಬದಿಗೆ ತಲುಪಿದ ಬೇರಿನ ತುದಿ ಗಾಳಿಗೆ ಒಣಗಿ, ಒಳಗೆ ಹೊಸ ಕವಲೊಡೆಯುತ್ತದೆ. ಇದೇ ಗುಣ ಫೆಬ್ರುವರಿಯ ನಂತರ ದೋಷವಾಗಿ, ದಿನಕ್ಕೆರಡು ಬಾರಿ ನೀರುಣಿಸಬೇಕಾಗುತ್ತದೆ ಎಂಬುದನ್ನೂ ಹೇಳಲೇಬೇಕು.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ತೊಳೆದ ತೆಂಗಿನ ನಾರಿನ ಪುಡಿ, ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಮಣ್ಣು ಬೆರೆಸಿ ವಿಂಟರ್ ಡಾನ್ ಎಂಬ ಸ್ಟ್ರಾಬೆರಿ ತಳಿಯ ಸಸಿಗಳನ್ನು ನೆಡುತ್ತೇನೆ. ಗಿಡದ ಸುಳಿ ಮಣ್ಣಿನ ಮಟ್ಟಕ್ಕೇ ಇರಬೇಕು. ಹೂತರೆ ಕೊಳೆಯುತ್ತದೆ, ಬೇರು ಮೇಲೆ ಕಂಡರೆ ಒಣಗುತ್ತದೆ. ಹಣ್ಣಿನ ದಿನಗಳು ಬಂದವೆಂದರೆ ಬೆಳಗಿನ ಕಾಫಿಗೂ ಮೊದಲು ಚೀಲಗಳ ಬಳಿಗೆ ಹೋಗುವುದೇ ನನ್ನ ದಿನಚರಿ. ಎಲೆಯಂಚಿನ ಇಬ್ಬನಿ ಹಣ್ಣಿನ ಮೇಲೆ ಬೀಳದಂತೆ ಮೆಲ್ಲಗೆ ಕೊಡವಿ, ಮಣ್ಣಿಗೆ ತಾಗಿದ ಕಾಯಿಗಳ ಅಡಿಗೆ ಒಣಹುಲ್ಲು ತೂರಿಸಿ, ಎಲೆಗಳನ್ನು ಎತ್ತಿ ಬಸವನಹುಳುಗಳನ್ನು ಆರಿಸಿ, ಕೊನೆಗೆ ತೊಟ್ಟಿನ ಬುಡ ನೋಡುತ್ತೇನೆ. ಅಲ್ಲಿ ಬಿಳಿ ಉಳಿದಿದ್ದರೆ ಕೀಳುವುದಿಲ್ಲ, ಏಕೆಂದರೆ ಕಿತ್ತ ಮೇಲೆ ಸ್ಟ್ರಾಬೆರಿಗೆ ಸಿಹಿ ಏರುವುದಿಲ್ಲ. ಆದರೆ ಮರುದಿನದವರೆಗೆ ಕಾಯಲು ಪಿಕಳಾರಗಳು ಒಪ್ಪುವುದಿಲ್ಲ, ಅದು ಬೇರೆ ಮಾತು.

ನನ್ನ ಸಿಟ್ಟೆಲ್ಲ ಹಿಡಿಕೆಯ ಮೇಲೆ. ಕಾಫಿ ತೋಟದ ಮನೆಯಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಒಂದೇ, ಕಣ. ಸಿಲ್ವರ್ ಓಕ್ ನೆರಳಿನಲ್ಲಿ ಸ್ಟ್ರಾಬೆರಿ ಎಲೆ ಬಿಡುತ್ತದೆಯೇ ಹೊರತು ಹಣ್ಣು ಕೊಡುವುದಿಲ್ಲ. ಹಣ್ಣಿನ ಹಂಗಾಮಿನಲ್ಲಿಯೇ ಕಣದಲ್ಲಿ ಕಾಫಿ ಹರಡಬೇಕಾದ್ದರಿಂದ ಚೀಲಗಳನ್ನು ಆಗಾಗ ಎತ್ತಿಡದೆ ಗತಿಯಿಲ್ಲ. ಇನ್ನು ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸಲೆಂದು ಇಡೀ ಕೊಡಗು ಹಂಬಲಿಸುವ ಹೂಮಳೆ ಬಂತೆಂದರೆ ನೆನೆದ ಹಣ್ಣಿಗೆ ಬೂದು ಬೂಷ್ಟು ಹಿಡಿಯುತ್ತದೆ. ಗುಡುಗು ಕೇಳಿದ ಕೂಡಲೇ ಎಲ್ಲವನ್ನೂ ಜಗುಲಿಗೆ ಸಾಗಿಸಬೇಕು. ನೀರುಂಡ ಚೀಲ ಹತ್ತು ಕಿಲೋ ದಾಟಿ ತೂಗುತ್ತದೆ. ಆ ಭಾರವನ್ನೆಲ್ಲ ಹೊರಬೇಕಾದ ಹಿಡಿಕೆಯನ್ನು ಬಾಯಂಚಿನಲ್ಲಿ ಒಂದೇ ಸಾಲು ಹೊಲಿಗೆ ಹಾಕಿ ಅಂಟಿಸಿದ್ದಾರೆ. ಎರಡನೆಯ ಬೇಸಿಗೆಗೆ ನೂಲು ಬಿಸಿಲಿಗೆ ಸುಟ್ಟು, ಎತ್ತಿದರೆ ಹಿಡಿಕೆ ಮಾತ್ರ ಕೈಗೆ ಬಂತು. ಬಟ್ಟೆಗೆ ಇನ್ನೂ ಏನೂ ಆಗಿಲ್ಲ ಎಂಬುದೇ ಹೊಟ್ಟೆ ಉರಿಸುವ ಸಂಗತಿ.

ಮಾರಿದವರು ಚೀಲವನ್ನು ಎತ್ತುವುದು ಸರಿಯಾದ ಬಳಕೆಯಲ್ಲ ಎಂದರು. ಹಾಗಾದರೆ ಹಿಡಿಕೆ ಏಕೆ ಇಟ್ಟರೋ! ಕುಶಾಲನಗರದಲ್ಲಿ ಬ್ಯಾಗ್ ಹೊಲಿಯುವವರಿಂದ ನೈಲಾನ್ ಪಟ್ಟಿಯನ್ನು ಚೀಲದ ತಳದಡಿಯಿಂದ ಸುತ್ತಿಸಿ ಹೊಲಿಸಿದ ಮೇಲೆ ಸಮಸ್ಯೆ ತೀರಿತು, ಆದರೆ ಅದರ ಖರ್ಚು ಚೀಲದ ಅರ್ಧ ಬೆಲೆಗೆ ಬಂತು.

ಚೀಲವನ್ನು ಒಂದೇ ಕಡೆ ಇಟ್ಟು ಬೆಳೆಯುವವರು ಇದನ್ನೇ ಧೈರ್ಯವಾಗಿ ಕೊಳ್ಳಬಹುದು. ನಾನಂತೂ ಮುಂದಿನ ಸಲ ತಳದಡಿ ಪಟ್ಟಿ ಹಾಯ್ದ, ಇದಕ್ಕಿಂತ ಗಿಡ್ಡನೆಯ ಚೀಲ ಹುಡುಕುತ್ತೇನೆ. ಸ್ಟ್ರಾಬೆರಿಯ ಬೇರು ಹೆಚ್ಚಾಗಿ ಮೇಲಿನ ಆರು ಇಂಚಿನಲ್ಲಿಯೇ ಇರುವುದರಿಂದ ಉಳಿದ ಮಣ್ಣು ಬರೀ ಹೊರೆ. ಹಿಡಿಕೆ ಹೋದ ಹಳೆಯ ಚೀಲಗಳು ಜಗುಲಿಯಂಚಿನಲ್ಲಿ ಕಾಯಂ ಆಗಿ ಕುಳಿತಿದ್ದು, ಮಳೆಗಾಲಕ್ಕೆ ಮುಂಚೆ ತಾಯಿಗಿಡಗಳು ಬಿಡುವ ಹಂಬುಗಳನ್ನು ಬೇರು ಹಿಡಿಸಲು ಬಳಕೆಯಾಗುತ್ತಿವೆ.