ಬಣ್ಣವೋ, ವಾಲ್‌ಪೇಪರೋ: ಬೆಳೆಯುವ ಮಕ್ಕಳ ಕೋಣೆಗೆ ಯಾವುದು?

11ರಿಂದ 13 ವರ್ಷದ ಮಕ್ಕಳ ಅಭಿರುಚಿಗೆ ಒಂದೆಡೆ ನಿಂತು ಗೊತ್ತಿಲ್ಲ. ಇಂದು ಗ್ರಹ-ನಕ್ಷತ್ರ, ನಾಳೆ ಫುಟ್‌ಬಾಲ್, ನಾಡಿದ್ದು ಕಪ್ಪು ಗೋಡೆಯೇ ಬೇಕೆಂಬ ಹಟ. ಹಾಗಾಗಿ ಚೆಂದಕ್ಕಿಂತ ಮೊದಲು, ಬದಲಿಸುವುದು ಎಷ್ಟು ಸುಲಭ ಎಂದು ನೋಡಬೇಕು.

ವಾಲ್‌ಪೇಪರ್‌ನ ಆಕರ್ಷಣೆ ದೊಡ್ಡದು. ಹಿಂಬದಿಯ ಹಾಳೆ ಸುಲಿದು ಅಂಟಿಸುವ ಬಗೆಯದಾದರೆ ಒಂದೇ ಮಧ್ಯಾಹ್ನದಲ್ಲಿ ಕೋಣೆಯ ರೂಪವೇ ಬೇರೆ. ಆದರೆ ಅದಕ್ಕೆ ನಯವಾದ, ಒಣಗಿದ ಗೋಡೆ ಬೇಕು. ತೇವವಿದ್ದರೆ ಅಂಚು ಏಳುತ್ತದೆ, ಹಿಂದೆ ಬೂಷ್ಟು ಹಿಡಿಯುತ್ತದೆ. ಹೊಸ ಬಣ್ಣ ಬಳಿದ ಗೋಡೆಯಾದರೆ ಸುಮಾರು 4 ವಾರ ಕಾಯಿರಿ. ಇಲ್ಲದಿದ್ದರೆ ಕೀಳುವಾಗ ಬಣ್ಣವೂ ಚಕ್ಕೆಚಕ್ಕೆಯಾಗಿ ಕಿತ್ತು ಬರಬಹುದು. ಇನ್ನು, ಎದ್ದ ಅಂಚೊಂದು ಕೈಗೆ ಸಿಕ್ಕರೆ ಓದುತ್ತ ಕುಳಿತ ಮಗುವಿನ ಉಗುರು ಸುಮ್ಮನಿರುವುದೇ?

ಬಣ್ಣ ಇಷ್ಟು ಗೋಳು ಕೊಡುವುದಿಲ್ಲ. ತೊಳೆಯಬಹುದಾದ ಎಮಲ್ಷನ್ (ನೀರು ಆಧಾರಿತ ಗೋಡೆ ಬಣ್ಣ) ಆರಿಸಿದರೆ ಮೇಜಿನ ಹಿಂದಿನ ಪೆನ್ಸಿಲ್ ಗೀರು, ಸ್ವಿಚ್ ಸುತ್ತಲಿನ ಕೈಗುರುತು ಬಹುಮಟ್ಟಿಗೆ ಒದ್ದೆ ಬಟ್ಟೆಗೇ ಹೋಗುತ್ತವೆ. ಬೇಸರವಾದಾಗ ಮೇಲೆಯೇ ಮತ್ತೆ ಬಳಿಯಬಹುದು. ಗಾಢ ಬಣ್ಣವನ್ನು ಮುಚ್ಚುವಾಗ ಮಾತ್ರ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಬಿಡಬೇಡಿ. ವಾಸನೆ ಹೋಗುವವರೆಗೆ ಕಿಟಕಿ ತೆರೆದಿಟ್ಟು ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ.

ನನ್ನ ಒಲವು ಬಣ್ಣದ ಕಡೆಗೇ: ಮೂರು ಗೋಡೆ ತಿಳಿಬಣ್ಣ, ಮಂಚದ ಹಿಂದಿನದು ಮಗುವಿನ ಆಯ್ಕೆ. ಬಾಡಿಗೆ ಮನೆಯಲ್ಲಿ ಬಣ್ಣ ಬಳಿಯಲು ಒಪ್ಪಿಗೆ ಸಿಗದಿದ್ದರೆ, ಮಾಲೀಕರನ್ನು ಕೇಳಿ ಆ ಒಂದು ಗೋಡೆಗೆ ಮಾತ್ರ ವಾಲ್‌ಪೇಪರ್ ಹಾಕಿ. ಯಾವುದೇ ಇರಲಿ, ಮಾದರಿಯ ತುಂಡನ್ನು ಗೋಡೆಗಿಟ್ಟು ಹಗಲಲ್ಲೂ ರಾತ್ರಿಯ ದೀಪದಲ್ಲೂ ನೋಡಿ.