ಜೋತುಬಿದ್ದ ರೆಕ್ಸಿನ್‌ಗೆ ಸಿಕ್ಕ ಅಂಟು

ನಮ್ಮ ಹಳೇ ಕಾರಿನ ಡೋರ್ ಪ್ಯಾಡಿನ ರೆಕ್ಸಿನ್ ಮಾರ್ಚ್ ಬಿಸಿಲಿಗೆ ನಾಲಿಗೆ ಚಾಚಿದ ಹಾಗೆ ಜೋತುಬಿದ್ದಿತ್ತು. ಮೊದಲು ಚಿಕ್ಕ ಟ್ಯೂಬಿನ ಇನ್‌ಸ್ಟಂಟ್ ಅಂಟು ಹಾಕಿದೆ. ಎರಡೇ ದಿನಕ್ಕೆ ಕಿತ್ತು ಬಂತು, ಸುತ್ತ ಬೆಳ್ಳಗೆ ಕಲೆ ಬೇರೆ. ಆ ಅಂಟು ಒಣಗಿದರೆ ಗಾಜಿನ ಹಾಗೆ ಗಟ್ಟಿ. ಬಾಗುವ ರೆಕ್ಸಿನ್‌ಗೆ ಆಗಿಬರಲ್ಲ.

ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಫೆವಿಕಾಲ್ ಕೇಳಿದೆ. "ಅದು ಮರಕ್ಕೆ ಸಾರ್, ನೀರು ಬೆರೆತ ಅಂಟು. ಪ್ಲಾಸ್ಟಿಕ್ ನೀರು ಕುಡಿಯುತ್ತಾ? ಇದು ತಗೊಳ್ಳಿ" ಅಂತ ಫೆವಿಕಾಲ್ ಎಸ್‌ಆರ್ 998 ಡಬ್ಬಿ ಕೊಟ್ಟರು. ಸಿಂಥೆಟಿಕ್ ರಬ್ಬರಿನ ಅಂಟು.

ಇದರ ಗುಟ್ಟೆಲ್ಲ ಕಾಯುವುದರಲ್ಲಿದೆ. ಹಳೆ ಫೋಮಿನ ಪುಡಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ರೆಕ್ಸಿನ್ ಹಿಂಬದಿ, ಪ್ಯಾಡು ಎರಡಕ್ಕೂ ಅಂಟು ತೆಳ್ಳಗೆ ಸವರಿದೆ. ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ಒತ್ತಿದರೆ ಮುಗಿಯಿತು, ಸರಿಸೋಕೆ ಆಗಲ್ಲ. ಅದಕ್ಕೇ ಮೇಲಿನ ಅಂಚಿನಿಂದ ಇಷ್ಟಿಷ್ಟೇ ಕೂರಿಸುತ್ತಾ ಬಂದೆ. ಆದರೂ ಒಂದು ಮೂಲೆ ಸೊಟ್ಟ. ಅದು ನನ್ನ ಕೈಗುಣ ಬಿಡಿ.

ರಬ್ಬರ್ ಅಂಟು ಅಂದಮೇಲೆ ವಾಸನೆ ಇದ್ದದ್ದೇ. ನಾಲ್ಕೂ ಬಾಗಿಲು ತೆರೆದಿಡಿ, ಬೀಡಿ ಸೇದುವವರನ್ನು ದೂರ ಕಳಿಸಿ. ಬೇಗ ಬೆಂಕಿ ಹತ್ತುವ ಮಾಲು. ಥರ್ಮಾಕೋಲ್‌ಗೆ ಹಚ್ಚಬೇಡಿ, ಕರಗಿಹೋಗುತ್ತದೆ. ಕ್ಲಿಪ್ ಮುರಿದು ಅಲ್ಲಾಡುವ ಪ್ಲಾಸ್ಟಿಕ್ ಪಟ್ಟಿಗೆ ಅಂಟು ಸುಮ್ನೆ ದಂಡ, ಹೊಸ ಕ್ಲಿಪ್ಪೇ ಹಾಕಿಸಿ.

ಮೇ ತಿಂಗಳಲ್ಲಿ ಬಿ.ಎಚ್. ರಸ್ತೆ ಪಕ್ಕ ಇಡೀ ದಿನ ಬಿಸಿಲಲ್ಲಿ ನಿಲ್ಲಿಸಿದ್ದೆ. ರೆಕ್ಸಿನ್ ಜಗ್ಗಿಲ್ಲ. ಉಳಿದ ಅಂಟಿನಲ್ಲಿ ನನ್ನವಳ ಚಪ್ಪಲಿಯೂ ರಿಪೇರಿ ಆಯಿತು.